ಗಟ್ಟಿ ರಕ್ತ

ಆಕೆ ಮಲಗಲು ಒಪ್ಪಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆನ್ನಿಗೆ ಎರಡು ದಿಂಬು ಕೊಟ್ಟು, ಮಡಿಲಲ್ಲಿ ಒಂದಿಟ್ಟು, ಅದರ ಮೇಲೆ ಮೊಣಕೈ ಊರಿಸಿ ಕೂರಿಸಿದೆವು. ಆಮ್ಲಜನಕದ ಮಾಸ್ಕಿನೊಳಗಿಂದ ಆಕೆ ಬೈಲಹೊಂಗಲದ ನಮ್ಮ ಸಣ್ಣ ಐಸಿಯುವನ್ನು ಒಂದು ಸುತ್ತು ನೋಡಿದಳು, ಬೀಗರ ಮನೆಗೆ ಮೊದಲ ಸಲ ಬಂದವರು ನೋಡುವಂತೆ. ಮೂವತ್ತೈದರ ಆಸುಪಾಸು. ತವರು ದೊಡವಾಡ, ಗಂಡನ ಮನೆ ಸುರೇಬಾನ. ಮನೆಯಲ್ಲಿ ರೊಟ್ಟಿ ಬಡಿದು ರಾಮದುರ್ಗದ ಖಾನಾವಳಿಗಳಿಗೆ ಕೊಡುವುದು ಆಕೆಯ ಕೆಲಸ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿದೆ, ಅಂಕಿ ಬರಲಿಲ್ಲ. ಹಂಚಿನ ಕಾವಿಗೆ ಬೆರಳತುದಿಯ ಚರ್ಮ ದಪ್ಪಗಾಗಿತ್ತು. ಕಿವಿಯ ಹಾಲೆಗೆ ಹಾಕಿದ ಮೇಲೆ ಬಂತು. ಒಳ್ಳೆಯ ಅಂಕಿಯಲ್ಲ.

ಕಾಲಕಡೆ ಆಕೆಯ ಅಣ್ಣ ನಿಂತಿದ್ದ. ದೊಡವಾಡದಲ್ಲಿ ಎಮ್ಮೆ ಕಟ್ಟಿ ಹಾಲು ಮಾರುವವ. ಗಂಡ ಬಾಗಿಲಲ್ಲಿದ್ದ, ಮಾತು ಕಡಿಮೆ. ಮಾತಾಡಿದ್ದೆಲ್ಲ ಅಣ್ಣನೇ.

"ರಾಮದುರ್ಗದ ಕಡೆ ಒಂದ ದವಾಖಾನಿಗೆ ಹೋಗಿದ್ವಿರಿ. ಮೈಯಾಗ ರಕ್ತನ ಇಲ್ಲ ಅಂದ್ರು. ಒಂದ ಬಾಟ್ಲಿ ಏರಿಸಿದ್ರು. ನಂದ ರಕ್ತರಿ ಅಕ್ಕಾರ, ಬಿ ಪಾಜಿಟಿವ್. ಏರಿಸಿದ ಮ್ಯಾಲೆ ಆರಾಮ ಆಗಬೇಕಿಲ್ರಿ? ಮರುದಿನ ದಮ್ಮ ಹತ್ತಿತು."

ಆಕೆ ಮಾಸ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಹಾಲಿನಂಗ ರಕ್ತದಾಗೂ ನೀರ ಬೆರಿಸಿ ಕೊಟ್ಟಾನ್ರಿ ಇಂವ. ಅದಕ್ಕ ಹಿಂಗಾಗೇತಿ."

"ಏ ಹುಚ್ಚಿ, ಸುಮ್ನ ಹಾಕ್ಕೋ ಅದನ್ನ."

"ಬೇಕಾದ್ರ ದೊಡವಾಡದ ಮಂದಿನ್ನ ಕೇಳ್ರಿ ಅಕ್ಕಾರ," ಎಂದು ಹೇಳಿ, ಅಷ್ಟಕ್ಕೇ ದಣಿದು, ಕಣ್ಣು ಮುಚ್ಚಿಕೊಂಡು ನಕ್ಕಳು.

ನಾನು ಆಗ ರಾಮದುರ್ಗದ ಚೀಟಿ ನೋಡಿ ಹಾಸಿಗೆಯ ತಲೆಕಡೆಯ ಹಲಗೆಯ ಮೇಲೆ ಆಕೆಯ ರಕ್ತದ ಗುಂಪು ಬರೆಯುತ್ತಿದ್ದೆ: ಓ ಪಾಸಿಟಿವ್. ಕೈ ಒಂದು ಕ್ಷಣ ನಿಂತಿತು. ಓ ಗುಂಪಿನವರಿಗೆ ಬಿ ಗುಂಪಿನ ರಕ್ತ ಕೊಡುವಂತಿಲ್ಲ. ಆಗಿದ್ದು ಎಲ್ಲ ಕಡೆ ಆಗುವುದೇ: ಮನೆಯವರು ಕೊಟ್ಟ ರಕ್ತವನ್ನು ರಕ್ತನಿಧಿಯವರು ಇಟ್ಟುಕೊಳ್ಳುತ್ತಾರೆ, ಅದಕ್ಕೆ ಬದಲಾಗಿ ರೋಗಿಗೆ ಹೊಂದುವ, ಬೇರೆ ಯಾರೋ ಕೊಟ್ಟ ಚೀಲವನ್ನು ಕೊಡುತ್ತಾರೆ. ಅಣ್ಣನ ರಕ್ತ ತಂಗಿಯ ಮೈಗೆ ಹೋಗಿರಲಿಲ್ಲ. ಅದು ಹೇಳುವ ಹೊತ್ತಾಗಿರಲಿಲ್ಲ. ಬರೆದು ಮುಗಿಸಿ ರಕ್ತದ ಮಾದರಿ ತೆಗೆಯಲು ಕುಳಿತೆ.

ನಮ್ಮ ಲ್ಯಾಬ್ ಟೆಕ್ನಿಷಿಯನ್ ವರದಿಯನ್ನು ಫೋನಿನಲ್ಲಿ ಹೇಳುವವರು. ಅಂದು ತಾವೇ ನಡೆದು ಬಂದರು, ಕೈಯಲ್ಲಿ ಗಾಜಿನ ನಳಿಕೆ. ಯಂತ್ರದಲ್ಲಿ ಗಿರ್ರನೆ ತಿರುಗಿಸಿದ ರಕ್ತ ಕೆಳಗೆ ಕೆಂಪು, ಮೇಲೆ ಹಳದಿ ನೀರು ಎಂದು ಬೇರೆಯಾಗುತ್ತದೆ. ಎರಡರ ನಡುವೆ ನೂಲೆಳೆಯಷ್ಟು ಬಿಳಿ ಇರುತ್ತದೆ. ಈ ನಳಿಕೆಯಲ್ಲಿ ಆ ಬಿಳಿ ಬೆರಳಗಲ ಇತ್ತು. ಎಣಿಸುವ ಯಂತ್ರ ಮೊದಲು ಎಣಿಸಲಾರೆ ಎಂದಿತಂತೆ. ರಕ್ತವನ್ನು ತೆಳ್ಳಗೆ ಮಾಡಿ ಮತ್ತೆ ಹಾಕಿದರು. ಸಾವಿರಗಳಲ್ಲಿ ಇರಬೇಕಾದ ಬಿಳಿ ರಕ್ತಕಣ ಲಕ್ಷಗಳಲ್ಲಿತ್ತು. ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಹಿಡಿದು ತೆಗೆದ ಚಿತ್ರವನ್ನು ನಮ್ಮ ಡಾಕ್ಟರ್ ಹುಬ್ಬಳ್ಳಿಯ ರಕ್ತರೋಗ ತಜ್ಞೆಯೊಬ್ಬರಿಗೆ ಕಳಿಸಿದರು. ಉತ್ತರ ಬೇಗ ಬಂತು. ರಕ್ತದ ಕ್ಯಾನ್ಸರ್, ವೇಗವಾಗಿ ಬೆಳೆಯುವ ಬಗೆ. ಎಳೆಯ ಬಿಳಿಕಣಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಬಿದ್ದಿವೆ, ಮಿದುಳಿನಲ್ಲೂ ಸಿಕ್ಕಿಬೀಳಬಹುದು. ಅವು ಇಳಿಯುವ ತನಕ ಕೆಂಪು ರಕ್ತ ಏರಿಸಬೇಡಿ, ಈಗಿರುವ ರಕ್ತವೇ ಹರಿಯಲಾರದಷ್ಟು ಮಂದವಾಗಿದೆ, ಎಂದರು.

ಡಾಕ್ಟರ್ ಗಂಡನನ್ನೂ ಅಣ್ಣನನ್ನೂ ಕರೆದು ನಿಧಾನವಾಗಿ ಹೇಳಿದರು. ಅವರು ಈ ಕಡೆಯವರೇ, ಮಾತು ಬಿಡಿಸಿ ಹೇಳುವವರು. ಆದರೂ ಒಂದು ಶಬ್ದ ಎಡವಿತು. "ಅವರ ರಕ್ತ ಭಾಳ ಗಟ್ಟಿ ಆಗೇತ್ರಿ," ಎಂದರು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಗಂಡ ಮುಖ ಎತ್ತಿದ. "ಗಟ್ಟಿ ಆತೇನ್ರಿ? ಚೊಲೋ ಆತ ಬಿಡ್ರಿ."

ನಮ್ಮ ಕಡೆ ಆಳು ಗಟ್ಟಿ ಎಂದರೆ ಆರೋಗ್ಯವಂತ, ಹಾಲು ಗಟ್ಟಿ ಎಂದರೆ ಕಲಬೆರಕೆ ಇಲ್ಲದ್ದು. ರಕ್ತ ಇಲ್ಲ ಎಂದು ಹೇಳಿಸಿಕೊಂಡು ಬಂದವರಿಗೆ ರಕ್ತ ಗಟ್ಟಿಯಾಗಿದೆ ಎಂದು ಕೇಳಿದರೆ ಬೇರೆ ಏನು ತಿಳಿಯಬೇಕು? ಡಾಕ್ಟರ್ ಮತ್ತೆ ಮೊದಲಿಂದ ಹೇಳಿದರು. ಈ ಸಲ ಕ್ಯಾನ್ಸರ್ ಎಂಬ ಶಬ್ದ ಮೊದಲು ಬಂತು. ಗಂಡ ಗೋಡೆಗೆ ಒರಗಿ ಕುಳಿತ. ಅಣ್ಣ ಕುಳಿತುಕೊಳ್ಳಲಿಲ್ಲ.

"ಈಗ ರಕ್ತ ಏರಿಸಿದ್ರ ಕೆಟ್ಟ ಅಂತೀರಿ. ಹಂಗಾದ್ರ ನಾ ಕೊಟ್ಟಿದ್ದು?"

"ಅದರಿಂದನ ಹಿಂಗಾತು ಅಂತ ಹೇಳಾಕ ಬರೂದಿಲ್ಲ," ಎಂದರು ಡಾಕ್ಟರ್. ಅದು ಸರಿಯಾದ ಉತ್ತರ. ರಾಮದುರ್ಗದ ಕಡೆಯ ಡಾಕ್ಟರಿಗೂ ಆ ಕ್ಷಣ ಕಂಡದ್ದು ಕಡಿಮೆಯಾದ ಹಿಮೋಗ್ಲೋಬಿನ್ ಒಂದೇ ಇರಬೇಕು. ಆದರೆ ಆತ ಕೇಳಿಸಿಕೊಂಡದ್ದು ಅದರ ಅರ್ಧ.

"ಖರೇನ ನೀರ ಬೆರಿಸಿದ್ರ ಚೊಲೋ ಇತ್ತಲ್ರಿ," ಎಂದು ತನಗೇ ಹೇಳಿಕೊಂಡಂತೆ ಹೇಳಿದ.

ಕೆಳಗೆ ಅಂಗಳದಲ್ಲಿ ಆ ಹೊತ್ತಿಗೆ ದೊಡವಾಡದಿಂದ ಒಂದು ಟೆಂಪೊ ಬಂದು ನಿಂತಿತ್ತು. ತುಂಬ ಗಂಡಾಳುಗಳು. ಮನೆಮಗಳಿಗೆ ರಕ್ತ ಬೇಕಂತೆ ಎಂದು ಕೇಳಿ ಕೆಲಸ ಬಿಟ್ಟು ಬಂದವರು. ಬೇಡ ಎಂದು ಹೇಳಲು ನಾನು ಇಳಿದು ಹೋದೆ. ಹಿರಿಯರೊಬ್ಬರು ಮಡಚಿದ ಅಂಗಿಯ ತೋಳನ್ನು ಇಳಿಸದೆ ನಿಂತೇ ಇದ್ದರು.

"ಯಾಕ್ರಿ ಬಾಯಾರ, ನಮ್ಮ ರಕ್ತಕ್ಕ ಏನ್ ಹುಳಾ ಬಿದ್ದಾವೇನ್ರಿ?"

"ಹಂಗಲ್ರಿ ಯಜ್ಜಾ. ಈಗ ಏರಿಸಿದ್ರ ಅವರಿಗೆ ತ್ರಾಸ ಆಗತೈತಿ."

"ರಕ್ತ ಕೊಟ್ರ ತ್ರಾಸ ಆಗೂ ಬ್ಯಾನಿ ನಾ ಕೇಳಿಲ್ಲ ನೋಡವಾ. ನಡೀರೋ, ನಮ್ಮನ್ನ ಒಲ್ಲೆ ಅಂತಾರ."

ಟೆಂಪೊ ತಿರುಗಿ ಹೋಯಿತು. ಮೇಲಿನ ಕಿಟಕಿಯಿಂದ ಅಣ್ಣ ನೋಡುತ್ತಿದ್ದ.

ಆಕೆಯನ್ನು ಹುಬ್ಬಳ್ಳಿಗೆ ಸಾಗಿಸುವುದು ನಮ್ಮ ಮೊದಲ ಯೋಚನೆ. ಅಲ್ಲಿ ತಜ್ಞರಿದ್ದಾರೆ. ಆಂಬುಲೆನ್ಸ್ ಬಂತು, ಸ್ಟ್ರೆಚರಿಗೆ ಎತ್ತಿದೆವು. ಅರ್ಧ ಒರಗಿಸಿದ್ದೇ ತಡ, ತುಟಿ ನೀಲಿಯಾಯಿತು, ಕಿವಿಯ ಅಂಕಿ ಜಾರತೊಡಗಿತು. ಲಿಫ್ಟಿನ ಬಾಗಿಲಿನಿಂದಲೇ ಹಿಂದಕ್ಕೆ ತಂದೆವು. ಧಮನಿಯಿಂದ ತೆಗೆದ ರಕ್ತದ ಮಾದರಿ ಅದಕ್ಕಿಂತಲೂ ಕೆಟ್ಟ ಅಂಕಿ ಕೊಟ್ಟಿತು. ತಜ್ಞೆ ಫೋನಿನಲ್ಲಿ ಕೇಳಿದರು: "ಮಾದರಿ ಎಷ್ಟೊತ್ತು ಹೊರಗಿತ್ತು? ಸಿರಿಂಜಿನೊಳಗೇ ಆ ಬಿಳಿಕಣ ಆಮ್ಲಜನಕ ತಿಂದುಬಿಡುತ್ತವೆ. ಮಂಜುಗಡ್ಡೆಯಲ್ಲಿಟ್ಟು ಓಡಿ."

ನಮ್ಮ ಫ್ರಿಜ್ಜಿನಲ್ಲಿ ಮಂಜುಗಡ್ಡೆ ಇರಲಿಲ್ಲ. "ಬರ್ಫ ಬೇಕೇನ್ರಿ?" ಎಂದ ಅಣ್ಣ, ಉತ್ತರಕ್ಕೆ ಕಾಯದೆ ಇಳಿದು ಹೋದ. ಬಸ್ ಸ್ಟ್ಯಾಂಡಿನ ಹತ್ತಿರದ ಜ್ಯೂಸ್ ಅಂಗಡಿಯಿಂದ ತನ್ನ ಹಾಲಿನ ಕ್ಯಾನಿನ ತುಂಬ ಮಂಜುಗಡ್ಡೆ ತಂದ. ಎರಡನೆಯ ಮಾದರಿಯ ಅಂಕಿ ಸ್ವಲ್ಪ ಮೇಲಿತ್ತು. ಸಾಗಿಸಬಹುದು ಎನ್ನುವಷ್ಟು ಮೇಲಿರಲಿಲ್ಲ.

ಡಾಕ್ಟರ್ ಐಸಿಯುವಿನ ಮೇಜಿಗೆ ಕೈಯೂರಿ ನಿಂತರು. ಫೋನಿನ ಆ ಕಡೆ ತಜ್ಞೆ ಹೇಳಿದ್ದು ನನಗೂ ಕೇಳುತ್ತಿತ್ತು. ದಾರಿಯಲ್ಲೇ ಹೋಗಿಬಿಡುತ್ತಾರೆ. ಕೀಮೋ ಅಲ್ಲೇ ಶುರುಮಾಡಿ, ಉಸಿರು ಹತೋಟಿಗೆ ಬಂದರೆ ಕಳಿಸಿ. ಔಷಧ ನಾನು ತೆಗೆದಿಡಿಸುತ್ತೇನೆ, ಯಾರಾದರೂ ಬರಲಿ.

ಡಾಕ್ಟರ್ ನನ್ನ ಕಡೆ ತಿರುಗಿದರು. "ನಮ್ಮಲ್ಲೆ ಇದನ್ನ ಯಾರೂ ಕೊಟ್ಟಿಲ್ಲ. ನೀವು ಹಿಂದ ಕ್ಯಾನ್ಸರ್ ದವಾಖಾನ್ಯಾಗ ಇದ್ದಾಗ ಕೊಟ್ಟೀರಿ."

"ವಾರ್ಡಿನಾಗ ಕೊಟ್ಟೇನ್ರಿ ಸರ್. ಐಸಿಯುದಾಗ ಇಲ್ಲ. ಅಲ್ಲೆ ಮಗ್ಗಲದಾಗ ಡಾಕ್ಟರ್ ಇರ್ತಿದ್ರು."

"ಇಲ್ಲೆ ಮಗ್ಗಲದಾಗ ಫೋನ್ ಐತಿ," ಎಂದರು. ನಗಲಿಲ್ಲ. "ಆಗೂದಿಲ್ಲ ಅಂದ್ರ ಈಗ ಹೇಳ್ರಿ. ನಾ ತಪ್ಪು ತಿಳಕೊಳ್ಳೂದಿಲ್ಲ."

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಆಕೆ ದಿಂಬಿಗೆ ತಲೆಯಾನಿಸಿ, ಭುಜ ಎತ್ತಿ ಎತ್ತಿ ಉಸಿರಾಡುತ್ತಿದ್ದಳು. ಕೊಡುತ್ತೇನೆ ಎಂದೆ.

ಹುಬ್ಬಳ್ಳಿಗೆ ಅಣ್ಣನೇ ಹೊರಟ. ತರಬೇಕಾದ ಔಷಧಗಳಲ್ಲಿ ಒಂದನ್ನು ತಣ್ಣಗಿಡಬೇಕಿತ್ತು. ಕೀಮೋ ಬಿದ್ದಾಗ ಕಣಗಳು ಒಮ್ಮೆಲೇ ಒಡೆದು ಅವುಗಳ ಕಶ್ಮಲ ಮೂತ್ರಪಿಂಡವನ್ನು ಕಟ್ಟಿಹಾಕದಂತೆ ತಡೆಯುವ ಔಷಧ ಅದು. "ಕ್ಯಾನಿನಾಗ ಬರ್ಫ ಹಾಕ್ಕೊಂಡ ತರತೇನಿ," ಎಂದ. ಹೊರಡುವ ಮೊದಲು ತಂಗಿಯ ಹತ್ತಿರ ನಿಂತ. ಆಕೆ ಈಗ ಒಂದೊಂದೇ ಶಬ್ದ ಆಡುತ್ತಿದ್ದಳು.

"ಜಲ್ದಿ ಬಾ. ಸಂಜಿಕ... ಎಮ್ಮಿ... ಯಾರ ಹಿಂಡತಾರ?"

"ನಿಮ್ಮ ವೈನಿ ಹಿಂಡತಾಳ ಬಿಡ," ಎಂದು ತನ್ನ ಹೆಂಡತಿಯ ಮೇಲೆ ಹಾಕಿದ.

"ಆಕಿ... ಕೈಗೆ... ಬಿಡೂದಿಲ್ಲ ಅದು."

ಅದೇ ಅವರಿಬ್ಬರ ಕೊನೆಯ ಮಾತು. ಆತ ಧಾರವಾಡ ದಾಟುವ ಮುಂಚೆಯೇ ಆಕೆ ಉಸಿರಾಡಿ ಉಸಿರಾಡಿ ಸೋತಳು. ಡಾಕ್ಟರ್ ನಿದ್ದೆಯ ಔಷಧ ಕೊಟ್ಟು ಗಂಟಲಿಗೆ ನಳಿಕೆ ಇಳಿಸಿದರು, ವೆಂಟಿಲೇಟರಿಗೆ ಜೋಡಿಸಿದೆವು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇತ್ತು; ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಷ್ಟು ಕಡಿಮೆ. ನಾನು ಅರಿವೆಯನ್ನು ಉಂಡೆ ಮಾಡಿ ಒತ್ತಿ ಹಿಡಿದು ಕುಳಿತೆ. ಬೆಳಗಾವಿಯಿಂದ ಪ್ಲೇಟ್‌ಲೆಟ್ ಚೀಲ ಬಂದು ಏರಿಸಿದ ಮೇಲೆ ಜಿನುಗುವುದು ನಿಂತಿತು.

ಒಪ್ಪಿಗೆಯ ಸಹಿಗೆ ಗಂಡನನ್ನು ಕರೆದರು. ಔಷಧ ಕೊಡದಿದ್ದರೆ ಉಳಿಯುವುದಿಲ್ಲ, ಕೊಟ್ಟರೂ ಔಷಧದಿಂದಲೇ ಜೀವ ಹೋಗಬಹುದು ಎಂದು ಡಾಕ್ಟರ್ ಹೇಳಿದರು. ಆತ ಪೆನ್ನು ಹಿಡಿದುಕೊಂಡು ಕೇಳಿದ: "ಆಕಿಗೆ ಹೇಳೀರೇನ್ರಿ?" ಯಾರೂ ಹೇಳಿರಲಿಲ್ಲ. ಹೇಳುವಷ್ಟರಲ್ಲಿ ಆಕೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಸಹಿ ಮಾಡಿದ.

ಅಣ್ಣ ಬಂದಾಗ ಬಿಸಿಲು ಇನ್ನೂ ಇತ್ತು. ಎರಡೂ ಕೈಯಲ್ಲಿ ಕ್ಯಾನನ್ನು ಎದೆಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಮುಚ್ಚಳ ತೆಗೆದರೆ ಮಂಜುಗಡ್ಡೆಯ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಔಷಧದ ಪೆಟ್ಟಿಗೆಗಳು. ಕೀಮೋದ ಸೀಸೆಗಳಿಗೆ ತಂಪು ಬೇಕಿರಲಿಲ್ಲ. ಆತ ಎಲ್ಲವನ್ನೂ ಒಂದೇ ಕಡೆ ಇಟ್ಟು ತಂದಿದ್ದ.

ಕೀಮೋ ಕಲಸಲು ದೊಡ್ಡ ಆಸ್ಪತ್ರೆಗಳಲ್ಲಿ ಗಾಳಿಯನ್ನು ಒಳಗೇ ಸೋಸುವ ಗಾಜಿನ ಪೆಟ್ಟಿಗೆ ಇರುತ್ತದೆ. ನಮ್ಮಲ್ಲಿ ಇರಲಿಲ್ಲ. ಡ್ರೆಸಿಂಗ್ ಕೋಣೆಯನ್ನು ಖಾಲಿ ಮಾಡಿಸಿದೆ. ಫ್ಯಾನು, ಎಸಿ ಆರಿಸಿದೆ. ಒಂದರ ಮೇಲೊಂದು ಕೈಗವಸು, ಉದ್ದ ತೋಳಿನ ಗೌನು, ಕೊರೋನಾ ಕಾಲದಿಂದ ಉಳಿದಿದ್ದ ಮುಖದ ಗುರಾಣಿ. ನನ್ನ ಪಾಳಿಯ ಇನ್ನೊಬ್ಬ ನರ್ಸ್ ಬಸುರಿ. ಆಕೆಗೆ ಹೇಳಿದೆ: "ನೀ ಆ ಕಡಿ ಹಾಸಿಗಿ ನೋಡವಾ. ಇದು ಮುಗಿಯೂ ತನಕ ಇತ್ತ ಬರಬ್ಯಾಡ. ಅವರ ಮೂತ್ರದ ಚೀಲಾನೂ ಮುಟ್ಟಬ್ಯಾಡ."

"ಮುಟ್ಟಿದ್ರ ಅಷ್ಟ ಕೆಟ್ಟೇನ್ರಿ ಅಕ್ಕಾ?"

"ಹೂಂ."

"ಹಂಗಾದ್ರ ಅವರ ಮೈಯಾಗ ಹೆಂಗ ಹಾಕೂದ್ರಿ?"

ನಾನು ಬಾಗಿಲು ಹಾಕಿಕೊಂಡೆ.

ಸೀಸೆಯೊಳಗಿನ ಒತ್ತಡ ಹೆಚ್ಚಿದರೆ ಸೂಜಿಯ ಸುತ್ತ ಔಷಧ ಸಿಡಿಯುತ್ತದೆ. ಆದ್ದರಿಂದ ಸ್ವಲ್ಪ ಎಳೆಯಬೇಕು, ಅಷ್ಟೇ ಗಾಳಿ ಬಿಡಬೇಕು, ಮತ್ತೆ ಎಳೆಯಬೇಕು. ಆಕೆಯ ಎತ್ತರ ತೂಕದ ಮೇಲೆ ತಜ್ಞೆ ಹೇಳಿದ ಪ್ರಮಾಣವನ್ನು ಡಾಕ್ಟರ್ ಬೇರೆ, ನಾನು ಬೇರೆ ಲೆಕ್ಕ ಹಾಕಿ ತಾಳೆ ನೋಡಿದೆವು. ಸಲೈನ್ ಚೀಲಕ್ಕೆ ಔಷಧ ಸೇರಿಸಿ, ಕೆಂಪು ಪೆನ್ನಿನಲ್ಲಿ ಕೀಮೋ ಎಂದು ಬರೆದೆ. ನೀರಿನಂತೆಯೇ ಇತ್ತು, ಬಣ್ಣವಿಲ್ಲ. ಇನ್ನೊಂದು ಔಷಧ ಕ್ಯಾಪ್ಸೂಲಿನಲ್ಲಿತ್ತು. ಅದನ್ನು ನೀರಿನೊಳಗೇ ಕರಗಿಸಿ, ಪುಡಿ ಹಾರದಂತೆ, ಮೂಗಿನ ನಳಿಕೆಯಿಂದ ಹೊಟ್ಟೆಗೆ ಕೊಟ್ಟೆ. ಪಂಪಿನ ಗುಂಡಿ ಒತ್ತಿದ ಮೇಲೂ ನಾನು ಹಾಸಿಗೆಯ ಪಕ್ಕದಿಂದ ಏಳಲಿಲ್ಲ.

ಮರುದಿನ ಬಿಳಿಕಣ ಇಳಿದಿತ್ತು. ಅದರ ಮರುದಿನ ಅರ್ಧಕ್ಕಿಂತ ಕೆಳಗೆ. ನಡುವೆ ಒಡೆದ ಕಣಗಳ ಪೊಟ್ಯಾಸಿಯಂ ರಕ್ತದಲ್ಲಿ ಏರಿ, ಮಾನಿಟರಿನಲ್ಲಿ ಹೃದಯದ ಗೆರೆಗಳು ಚೂಪಾದವು. ಅದಕ್ಕೆ ಕೊಡಬೇಕಾದ್ದನ್ನು ಕೊಟ್ಟೆವು, ಮತ್ತೆ ಇಳಿಯಿತು. ಮೂತ್ರ ಬರುತ್ತಿತ್ತು. ವೆಂಟಿಲೇಟರಿನ ಆಮ್ಲಜನಕವನ್ನು ಡಾಕ್ಟರ್ ಸ್ವಲ್ಪ ಸ್ವಲ್ಪ ತಗ್ಗಿಸಿದರು, ನಿದ್ದೆಯ ಔಷಧವನ್ನೂ. ಆಕೆ ಕಣ್ಣು ಬಿಟ್ಟಳು. ನಾನು ಕೈ ಒರೆಸುವಾಗ ಬಲ ಅಂಗೈ ಹಾಸಿಗೆಯ ಮೇಲೆ ಮೆಲ್ಲಗೆ ಬಡಿಯಿತು, ತಿರುಗಿತು, ಮತ್ತೆ ಬಡಿಯಿತು.

"ನೋಡ್ರಿ, ರೊಟ್ಟಿ ಬಡ್ಯಾಕ ಹತ್ಯಾಳ!" ಎಂದ ಗಂಡ. ಅಷ್ಟು ದೊಡ್ಡ ದನಿಯಲ್ಲಿ ಆತ ಮಾತಾಡಿದ್ದು ಅದೊಂದೇ ಸಲ.

ಅದು ಅರೆಎಚ್ಚರದ ಚಲನೆಯಷ್ಟೇ ಇರಬಹುದು. ನಾನು ಹಾಗೆ ಹೇಳಲಿಲ್ಲ. ಅಣ್ಣ ಗಾಜಿನ ಆಚೆಯಿಂದ ನೋಡುತ್ತಿದ್ದ. ಅವತ್ತು ಆತ ನನ್ನನ್ನು ಕೇಳಿದ: "ಈಗ ತೆಳ್ಳಗ ಆತೇನ್ರಿ ರಕ್ತ?" ಆಯಿತು ಎಂದೆ. "ಹಂಗಾದ್ರ ನಾ ಹಾಕಿದ್ದು ಇಳೀತು," ಎಂದ. ಒಳಗೆ ಮಾನಿಟರ್ ಕೂಗಿತು, ನಾನು ಹೋದೆ. ಆತನ ಮನಸ್ಸಿನಲ್ಲಿ ಏನು ಕೂತಿದೆ ಎಂಬುದು ನನಗೆ ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಆಕೆ ಉಳಿದರೆ ಅದು ತಾನಾಗಿಯೇ ಹೋಗುತ್ತದೆ ಎಂದುಕೊಂಡೆ.

ಹುಬ್ಬಳ್ಳಿಯಲ್ಲಿ ಹಾಸಿಗೆ ಸಿದ್ಧವಿದೆ, ನಾಳೆ ಕಳಿಸಿ ಎಂದು ತಜ್ಞೆ ಹೇಳಿದರು. ಮರುದಿನ ಬೆಳಿಗ್ಗೆ ಪಾಳಿ ವಹಿಸಿಕೊಂಡು, ಎಂದಿನಂತೆ ಆಕೆಯ ಕಣ್ಣಿಗೆ ಟಾರ್ಚ್ ಬಿಟ್ಟೆ. ಬಲಗಣ್ಣಿನ ಪಾಪೆ ಕುಗ್ಗಿತು. ಎಡಗಣ್ಣಿನದು ದೊಡ್ಡದಾಗಿಯೇ ಉಳಿಯಿತು. ಟಾರ್ಚ್ ಸರಿಯಿಲ್ಲವೇನೋ ಎಂದು ನನ್ನ ಅಂಗೈಗೆ ಬಿಟ್ಟುಕೊಂಡು ನೋಡಿ, ಮತ್ತೆ ಬಿಟ್ಟೆ. ಡಾಕ್ಟರನ್ನು ಕೂಗಿದೆ.

ತಲೆಯೊಳಗೆ ರಕ್ತಸ್ರಾವವಾಗಿತ್ತು. ಮಂದವಾದ ರಕ್ತದಿಂದ ಮೊದಲೇ ಹಾನಿಯಾಗಿದ್ದ ನಾಳ ಒಡೆದಿರಬಹುದು. ಮತ್ತೆ ಪ್ಲೇಟ್‌ಲೆಟ್ ಏರಿಸಿದರೂ ನಿಲ್ಲಲಿಲ್ಲ. ಔಷಧ ತಡವಾಯಿತೇ, ಬೇಗ ಕೊಟ್ಟಿದ್ದರೆ ಎಂಬುದನ್ನು ನಾವು ಆ ಮೇಲೆ ಬಹಳ ಸಲ ಮಾತಾಡಿದ್ದೇವೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಪಾಪೆಗಳು ಬೆಳಕಿಗೆ ಓಗೊಡಲಿಲ್ಲ. ಹೃದಯ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ಗಂಡ ಆಕೆಯ ಬಲಗೈಯನ್ನು ಹಿಡಿದುಕೊಂಡಿದ್ದ. ಅಣ್ಣ ಒಳಗೆ ಬರಲಿಲ್ಲ.

ದೇಹವನ್ನು ನಾನೇ ಸಿದ್ಧಮಾಡಿದೆ, ಕೈಗವಸು ಹಾಕಿಕೊಂಡೇ. ಕೀಮೋ ಪಡೆದವರ ಮೈಯ ದ್ರವಗಳನ್ನು ಸತ್ತ ಮೇಲೂ ಹಾಗೆಯೇ ಮುಟ್ಟಬೇಕು. ಮುಖ ತೊಳೆದು, ನಳಿಕೆಯ ಪಟ್ಟಿಯ ಅಂಟನ್ನು ಕೆನ್ನೆಯಿಂದ ಬಿಡಿಸಿ, ಗಂಡನನ್ನು ಕರೆದೆ. ಸುರೇಬಾನಕ್ಕೆ ಒಯ್ಯಲು ಅದೇ ದೊಡವಾಡದ ಟೆಂಪೊ ಬಂದಿತ್ತು. ಅಂದು ಅಂಗಿಯ ತೋಳು ಮಡಚಿ ನಿಂತಿದ್ದ ಆ ಹಿರಿಯರೂ ಇದ್ದರು. ಸ್ಟ್ರೆಚರಿಗೆ ಕೈ ಕೊಟ್ಟರು.

ಅಣ್ಣ ಹಿಂದಿನ ಗೇಟಿನ ಹತ್ತಿರ ತನ್ನ ಬೈಕಿನ ಪಕ್ಕ ನಿಂತಿದ್ದ. ಆತನ ಕ್ಯಾನ್ ನಮ್ಮಲ್ಲೇ ಉಳಿದಿತ್ತು. ತಂದುಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಅಕ್ಕಾರ, ಖರೇ ಹೇಳ್ರಿ. ನನ್ನ ರಕ್ತ ಹೋದಮ್ಯಾಲೆ ಆಕಿಗೆ ದಮ್ಮ ಹತ್ತಿದ್ದು. ಹೌದೋ ಅಲ್ಲೋ?"

ಈಗ ಹೇಳದೆ ಇರುವುದು ಸರಿಯಲ್ಲ ಎನಿಸಿತು. ಹೇಳಿದೆ. ಆಕೆಯದು ಓ ಗುಂಪು, ಆತನದು ಬಿ. ಆತ ಕೊಟ್ಟ ರಕ್ತವನ್ನು ಆಕೆಗೆ ಹಾಕಲು ಬರುವುದೇ ಇಲ್ಲ. ಅಲ್ಲಿ ಇಟ್ಟುಕೊಂಡು, ಬೇರೆ ಯಾರೋ ಕೊಟ್ಟ ಚೀಲ ಕೊಟ್ಟಿರುತ್ತಾರೆ. "ನಿಮ್ಮ ರಕ್ತದ್ದು ಒಂದ ಹನಿಯೂ ಅವರ ಮೈಯಾಗ ಹೋಗಿಲ್ರಿ ಅಣ್ಣಾರ. ನೀವು ಅದನ್ನ ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ."

ಆತ ಬೈಕಿನ ಪಕ್ಕದ ಖಾಲಿ ಕೊಕ್ಕೆಯನ್ನು ಹಿಡಿದುಕೊಂಡ.

"ನಂದು ಯಾರಿಗೆ ಹೋತು ಮತ್ತ?"

"ಗೊತ್ತಿಲ್ರಿ. ಯಾರೋ ಬಿ ಇದ್ದವರಿಗೆ."

"ಅವರು ಅದಾರೇನ್ರಿ?"

"ಗೊತ್ತಿಲ್ರಿ."

ಟೆಂಪೊದ ಹಿಂಬಾಗಿಲು ಹಾಕಿದ ಸದ್ದು ಬಂತು. ಆತ ಆ ಕಡೆ ನೋಡಿದ, ಮತ್ತೆ ನನ್ನ ಕಡೆ. ಸಿಟ್ಟಿರಲಿಲ್ಲ.

"ತಪ್ಪು ನಂದ ಇದ್ರೂ ನಡೀತಿತ್ರಿ ಅಕ್ಕಾರ. ಕಡೀಕ ನನ್ನ ರಕ್ತ ಒಂದೀಟು ಆಕಿ ಜೋಡಿ ಇತ್ತು ಅಂತ ಸಮಾಧಾನ ಇರತಿತ್ತು."

ನಾನು ಕ್ಯಾನ್ ಹಿಡಿದುಕೊಂಡೇ ನಿಂತಿದ್ದೆ. ಹೇಳಲೇಬೇಕಾದ ಮಾತು ಇನ್ನೊಂದು ಇತ್ತು, ಅದನ್ನೂ ಹೇಳಿದೆ. ಅದರಲ್ಲಿ ಕೀಮೋ ಸೀಸೆಗಳು ಬಂದಿದ್ದವು. ತೊಳೆದಿದ್ದೇನೆ, ಆದರೂ ಮತ್ತೆ ಹಾಲು ಹಾಕಬಾರದು.

"ಹಾಕೂದಿಲ್ಲ," ಎಂದ. ಕೈಯಿಂದ ತೆಗೆದುಕೊಂಡ. ಮುಚ್ಚಳ ತೆಗೆದು ಒಳಗೊಮ್ಮೆ ನೋಡಿ, ಬಿಗಿಯಾಗಿ ಮುಚ್ಚಿ, ದಿನಾ ತುಂಬಿದ ಕ್ಯಾನು ತೂಗುಹಾಕುವ ಕೊಕ್ಕೆಗೆ ಅದನ್ನು ಸಿಕ್ಕಿಸಿ, ಟೆಂಪೊದ ಹಿಂದೆ ಹೊರಟ.